ತಕ್ಕಡಿ ನುಂಗಿದ ಭಾರ

"ಇಳಿಯಬೇಡಿ, ಅಲ್ಲೇ ನಿಲ್ಲಿ," ಎಂದರು ಪೂವಪ್ಪ. "ಮುಳ್ಳು ಇನ್ನೂ ಅಲ್ಲಾಡ್ತಾ ಉಂಟು."

ಶಶಿಪ್ರಭಾ ಬಂದರು ದಕ್ಕೆಯ ಮೀನು ತೂಗುವ ತಕ್ಕಡಿಯ ಹಲಗೆಯ ಮೇಲೆ ಬರಿಗಾಲಿನಲ್ಲಿ ನಿಂತಿದ್ದಳು. ಹಲಗೆ ತಣ್ಣಗಿತ್ತು, ಜಾರುತ್ತಿತ್ತು. ಎದುರಿಗೆ ಊಟದ ತಟ್ಟೆಯಷ್ಟು ದೊಡ್ಡ ಗಾಜಿನ ಮುಖ. ಅದರೊಳಗೆ ಮುಳ್ಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ಕೊನೆಗೆ ನಿದ್ದೆ ಬಂದವರ ಹಾಗೆ ಒಂದು ಕಡೆ ಒರಗಿತು.

ನಲವತ್ತಾರು.

ಹಿಂದಿನ ವಾರ ಡಾಕ್ಟರರ ಬಳಿ ಐವತ್ತೆಂಟು ಕಿಲೋ ಇದ್ದವಳು ಇಲ್ಲಿ ನಲವತ್ತಾರಕ್ಕೆ ಇಳಿದಿದ್ದಳು. ಒಂದು ಕ್ಷಣ ಅವಳಿಗೆ ನಿಜವಾಗಿಯೂ ಮೈ ಹಗುರಾದಂತೆ ಅನಿಸಿತು. ಮಾಗಿಯ ಮಂಜು ಹೊಳೆಯಿಂದ ಇನ್ನೂ ಎದ್ದಿರಲಿಲ್ಲ. ದೋಣಿಗಳು ನೀರನ್ನು ಬಿಟ್ಟು ಮಂಜಿನ ಮೇಲೆಯೇ ಮಲಗಿದಂತೆ ಕಾಣುತ್ತಿದ್ದವು. ಯಾರಾದರೂ ಮೆಲ್ಲಗೆ ಊದಿದರೂ ಸಾಕು, ತಾನೂ ಅವುಗಳ ನಡುವೆ ತೇಲಿಹೋಗಬಹುದು.

"ಮೀನು ತಿನ್ನುವುದು ಕಮ್ಮಿಯಾಗಿದೆ ನಿಮಗೆ," ಪೂವಪ್ಪ ನಕ್ಕರು.

"ಪೂವಪ್ಪಣ್ಣ, ನನ್ನ ಹನ್ನೆರಡು ಕಿಲೋ ಎಲ್ಲಿ ಹೋಯ್ತು?"

"ಬುಟ್ಟಿಗೆ ಹೋಯ್ತು."

"ಯಾವ ಬುಟ್ಟಿಗೆ?"

ಅವರು ಗಲ್ಲ ಎತ್ತಿ ತೋರಿಸಿದರು. ಗೋಡೆಯ ಬದಿಯಲ್ಲಿ ಒದ್ದೆ ಬುಟ್ಟಿಗಳು ಒಂದರ ಮೇಲೊಂದು ನಿಂತಿದ್ದವು. ಅವುಗಳಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಮೀನು ಬರುವುದು ಇದರಲ್ಲಿ ಅಲ್ವಾ? ಬುಟ್ಟಿ, ನೀರು, ಐಸು, ಎಲ್ಲ ಸೇರಿ ಹನ್ನೆರಡು ಕಿಲೋ ಅಂತ ನಮ್ಮ ಅಪ್ಪನ ಕಾಲದಿಂದ ಲೆಕ್ಕ. ಪ್ರತಿ ಸಲ ಕಳೆಯುತ್ತಾ ಕೂತರೆ ಮೀನು ಕೊಳೀತದೆ. ಅದಕ್ಕೆ ಮುಳ್ಳನ್ನೇ ಹಿಂದಕ್ಕೆ ಎಳೆದಿಟ್ಟದ್ದು. ಖಾಲಿ ಬುಟ್ಟಿ ಇಟ್ರೆ ಮುಳ್ಳು ಸೊನ್ನೆಗೆ ಬರ್ತದೆ. ಮೋಸ ಅಲ್ಲ ಮಾರಾಯ್ರೆ, ಕೊಳ್ಳುವವರೇ ಒಪ್ಪಿದ್ದು. ದಕ್ಕೆಗೆ ಬರುವ ಎಲ್ಲರಿಗೂ ಗೊತ್ತುಂಟು."

"ದಕ್ಕೆಗೆ ಬಾರದವರಿಗೆ?"

"ಅವರಿಗೆ ಮೀನಿನ ತಕ್ಕಡಿ ಎಂತಕ್ಕೆ?"

ಅಷ್ಟು ಹೇಳಿದ ಮೇಲೆ ಪೂವಪ್ಪನವರ ನಗು ನಿಧಾನವಾಗಿ ಆರಿತು. ತಾವು ಏನು ಹೇಳಿದೆವು ಎಂಬುದು ಅವರಿಗೂ ಹೊಳೆದಿತ್ತು.

"ಆ ಹಾರುವ ಕ್ಲಬ್ಬಿನವರು..." ಎಂದರು.

"ಹೌದು. ಅವರೂ ಇಲ್ಲೇ ತೂಗಿಸಿಕೊಂಡದ್ದು."

ತಿಂಗಳ ಹಿಂದೆ ಹೊಳೆಯಾಚೆ ತಣ್ಣೀರುಬಾವಿಯ ಮರಳಿನಲ್ಲಿ ಶಶಿಪ್ರಭಾಳ ದೊಡ್ಡಮ್ಮನ ಕಿರಿಯ ಮಗ ಮೋಹನದಾಸ, ಪೂರ್ತಿ ಬಿಚ್ಚಿಕೊಂಡ ಪ್ಯಾರಾಶೂಟಿನ ಕೆಳಗೇ ನೆಲಕ್ಕಪ್ಪಳಿಸಿ ಸತ್ತಿದ್ದ. ಒಂದು ದಾರ ಕಡಿದಿರಲಿಲ್ಲ, ಒಂದು ಹೊಲಿಗೆ ಬಿಟ್ಟಿರಲಿಲ್ಲ. ಅವನ ಕೈ ತಪ್ಪಿತು ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು. ಯಾವ ಅಳತೆಯ ಪ್ಯಾರಾಶೂಟ್ ಅವನಿಗೆ ಸರಿ ಎಂಬುದು ನಿಶ್ಚಯವಾದದ್ದು ಈ ಹಲಗೆಯ ಮೇಲೆ ನಿಂತ ಅವನ ತೂಕದಿಂದ.

ಇವತ್ತು ಸಂಜೆ ನಾಲ್ಕಕ್ಕೆ, ಅದೇ ಮರಳಿನ ಮೇಲೆ, ಅದೇ ಸಣ್ಣ ಅಳತೆಯ ಪ್ಯಾರಾಶೂಟಿನಲ್ಲಿ ಅವನ ಅಣ್ಣ ಲೋಕನಾಥ ಹಾರುವವನಿದ್ದ. ತಮ್ಮನ ನೆನಪಿಗೆ. ಊರೆಲ್ಲ ಬೋರ್ಡು ಬಿದ್ದಿತ್ತು.

"ಮೋಹನನನ್ನು ತೂಗಿದ ದಿನ ಯಾರ್ಯಾರು ಬಂದಿದ್ರು ಪೂವಪ್ಪಣ್ಣ?"

"ನಾನು ಏಲಂ ಕೂಗ್ತಾ ಇದ್ದೆ. ನಮ್ಮ ಕುಮುದಿನಿ ಕರಕೊಂಡು ಬರ್ತಾಳೆ, ತೂಗ್ತಾರೆ, ಹೋಗ್ತಾರೆ. ನಾನು ಯಾರ ಮುಖ ನೋಡ್ಲಿ? ಆ ಹೊತ್ತಿಗೆ ನನಗೆ ಬಂಗುಡೆಯ ಮುಖ ಬಿಟ್ಟರೆ ಬೇರೆ ಕಾಣುವುದಿಲ್ಲ."

ಕುಮುದಿನಿ ಅವರ ತಂಗಿಯ ಮಗಳು. ಕ್ಲಬ್ಬಿನಲ್ಲಿ ಪ್ಯಾರಾಶೂಟ್ ಮಡಚುವವಳು, ಹಾರುವವಳೂ ಹೌದು.

ಶಶಿಪ್ರಭಾ ಚಪ್ಪಲಿ ಹಾಕಿಕೊಂಡಳು. ಹಲಗೆಯಿಂದ ಇಳಿದ ಕೂಡಲೇ ಅವಳ ಭಾರವೆಲ್ಲ ಮರಳಿ ಬಂದು ಎದೆಯ ಮೇಲೆ ಕೂತಿತು.

*

ಬೋಳೂರಿನ ಹೊಳೆಬದಿಯಲ್ಲಿ ಮುಚ್ಚಿಹೋದ ಒಂದು ಹೆಂಚಿನ ಕಾರ್ಖಾನೆ. ಹಸಿ ಹೆಂಚು ಒಣಗಿಸುತ್ತಿದ್ದ ಅದರ ಉದ್ದನೆಯ ಚಾವಡಿಯನ್ನು ಲೋಕನಾಥ ಕ್ಲಬ್ಬಿಗೆ ಬಿಟ್ಟುಕೊಟ್ಟಿದ್ದ. ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚುಗಳು. ಅವುಗಳಿಂದ ಮಧ್ಯಾಹ್ನದ ಬಿಸಿಲು ಕಂಬಕಂಬವಾಗಿ ನೆಲಕ್ಕಿಳಿಯುತ್ತಿತ್ತು. ತೊಲೆಗಳಿಂದ ಪ್ಯಾರಾಶೂಟುಗಳು ನೇತಾಡುತ್ತಿದ್ದವು, ಎಲ್ಲವೂ ಒಂದೇ ಹಳದಿ. ಗಾಳಿ ಬಂದಾಗ ಉಬ್ಬಿ, ಹೋದಾಗ ಕುಗ್ಗುತ್ತಿದ್ದವು. ಒಳಗೆ ಬಂದವರಿಗೆ ತಾವು ಯಾರೋ ಮಲಗಿದ ಕೋಣೆಗೆ ಕಾಲಿಟ್ಟೆವೇನೋ ಎಂದು ದನಿ ತಗ್ಗಿಸಬೇಕು ಅನಿಸುತ್ತಿತ್ತು.

ಕುಮುದಿನಿ ನೆಲದ ಮೇಲೆ ಮಂಡಿಯೂರಿ ದಾರಗಳನ್ನು ಒಂದೊಂದಾಗಿ ನೇರ ಮಾಡುತ್ತಿದ್ದಳು. ಚಾವಡಿಯ ಆ ತುದಿಯಲ್ಲಿ ಲೋಕನಾಥ ಕನ್ನಡಿಯ ಮುಂದೆ ನಿಂತು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

ಶಶಿಪ್ರಭಾ ಮೊದಲು ಹುಡುಗಿಯ ಬಳಿ ಕೂತಳು.

"ಸಣ್ಣದು ಯಾವುದು, ದೊಡ್ಡದು ಯಾವುದು, ನೋಡಿದರೆ ಗೊತ್ತಾಗ್ತದಾ?"

"ಹರಡಿದರೆ ಗೊತ್ತಾಗ್ತದೆ ಅಕ್ಕ. ಮಡಚಿ ಬೆನ್ನಿನ ಚೀಲಕ್ಕೆ ಹಾಕಿದ ಮೇಲೆ ಇಲ್ಲ. ಚೀಲ ಎಲ್ಲ ಒಂದೇ ಅಳತೆ. ಸಣ್ಣ ಬಟ್ಟೆಗೆ ಒಳಗೆ ಸ್ವಲ್ಪ ಸ್ಪಂಜು ತುರುಕ್ತೇವೆ."

ಪ್ಯಾರಾಶೂಟಿನ ಆ ಅಗಲವಾದ ರೆಕ್ಕೆಯನ್ನು ಇಲ್ಲಿ ಎಲ್ಲರೂ ಬಟ್ಟೆ ಎಂದೇ ಕರೆಯುತ್ತಿದ್ದರು.

"ಸಣ್ಣದರ ಮೇಲೆ ಯಾಕೆ ಇಷ್ಟು ಆಸೆ ಎಲ್ಲರಿಗೆ?"

ಕುಮುದಿನಿ ತಲೆ ಎತ್ತದೆ ನಕ್ಕಳು. "ದೊಡ್ಡದು ನಮ್ಮ ಕೋಣದ ಹಾಗೆ ಅಕ್ಕ. ಹೇಳಿದ್ದನ್ನು ಯೋಚನೆ ಮಾಡಿ ಕೇಳ್ತದೆ. ನಾವು ತಪ್ಪಿದರೂ ಅದು ತಪ್ಪುವುದಿಲ್ಲ. ಸಣ್ಣದು ಹಾಗಲ್ಲ, ಬೆರಳು ಎಳೆಯುವಾಗಲೇ ತಿರುಗ್ತದೆ. ಆಟ ಆಡಿದ ಹಾಗೆ ಆಗ್ತದೆ. ಆದ್ರೆ ತಿರುಗುವಾಗ ಕೆಳಗೆ ಧುಮುಕ್ತದೆ. ಮೇಲೆ ಇದ್ದಾಗ ಧುಮುಕಿದರೆ ಚಂದ. ನೆಲ ಹತ್ತಿರ ಇದ್ದಾಗ..."

ಅವಳ ಕೈ ದಾರದ ಮೇಲೆ ನಿಂತಿತು.

"ಮತ್ತೆ ಯಾರಿಗೆ ಯಾವುದು ಅಂತ ಹೇಗೆ ಹೇಳುವುದು?"

"ಅಲೆಕ್ಸ್ ಸರ್ ಲೆಕ್ಕ ಉಂಟಲ್ಲ," ಎಂದಳು ಕುಮುದಿನಿ. ಅಲೆಕ್ಸ್ ಕ್ಲಬ್ಬಿನ ಗುರು. ಪ್ಯಾರಾಶೂಟನ್ನು ಈ ಊರಿಗೆ ತಂದವನೂ ಅವನೇ, ಕುಮುದಿನಿಗೆ ಅದನ್ನು ಮಡಚಲು ಕಲಿಸಿದವನೂ ಅವನೇ. "ಮೈ, ಬೂಟ್ಸು, ಹೆಲ್ಮೆಟ್, ಬೆನ್ನಿನ ಚೀಲ, ಎಲ್ಲ ಹಾಕಿಕೊಂಡು ನಿಂತಾಗ ಎಷ್ಟು ಪೌಂಡ್ ಬರ್ತದೋ, ಅಷ್ಟು ಚದರ ಅಡಿ ಬಟ್ಟೆಯಾದ್ರೂ ತಲೆ ಮೇಲೆ ಬೇಕು. ಅದಕ್ಕಿಂತ ಕಮ್ಮಿ ಬೇಡ. ಇಳಿಸುವುದಾದ್ರೂ ಒಂದೊಂದೇ ಅಳತೆ. ಒಂದರಲ್ಲಿ ಎಂಥ ಗಾಳಿಯಲ್ಲೂ ನೆಟ್ಟಗೆ ಕಾಲೂರಿ ನಿಲ್ಲಲು ಬಂದ ಮೇಲೆ ಮಾತ್ರ ಇನ್ನೊಂದು. ಆಪತ್ತಿಗೆ ಅಂತ ಇಡುವ ಎರಡನೇ ಬಟ್ಟೆಗೂ ಅದೇ ತೂಕದ ಲೆಕ್ಕ. ಅದನ್ನು ಸಣ್ಣದು ಇಟ್ಟರೆ ಆಪತ್ತಿನ ಮೇಲೆ ಆಪತ್ತು."

"ಮೋಹನ ಹಾಗೆ ಒಂದೊಂದೇ ಇಳಿದಿದ್ನಾ?"

"ಹೌದಕ್ಕ. ನಡುವಿನ ಅಳತೆಯಲ್ಲಿ ತುಂಬಾ ಸಲ ಇಳಿದಿದ್ರು. ಗುಬ್ಬಿ ಕೂತ ಹಾಗೆ ಕೂರ್ತಿದ್ರು. ಸಣ್ಣದಕ್ಕೆ ಹೋಗುವಷ್ಟು ಹಗುರ ಇದ್ದಾರಾ ಅಂತ ಮಾತ್ರ ಸರ್‌ಗೆ ಅನುಮಾನ. ತೂಗಿಸಿದ್ರು. ತಕ್ಕಡಿ ಹೌದು ಅಂತು."

ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಹನ್ನೆರಡು ಕಿಲೋ ಮೋಹನದಾಸ ಯಾರ ಲೆಕ್ಕಕ್ಕೂ ಸಿಗದೆ ಬುಟ್ಟಿಯ ಪಾಲಾಗಿದ್ದ. ಆಕಾಶಕ್ಕೆ ಹೋದಾಗ ಮಾತ್ರ ಪೂರ್ತಿಯಾಗಿ ಹೋಗಿದ್ದ.

ಕುಮುದಿನಿ ಮೀನುಗಾರರ ಮನೆಯ ಹುಡುಗಿ. ಆ ಬುಟ್ಟಿಯ ವಿಷಯ ಅವಳಿಗೆ ತಿಳಿಯದಿರಲು ಸಾಧ್ಯವೇ? ಶಶಿಪ್ರಭಾ ಅವಳ ಮುಖವನ್ನೇ ನೋಡಿದಳು. ಹುಡುಗಿ ನೋಟ ತಪ್ಪಿಸಿದಳು.

"ಎಂತ ಶಶಿ, ಭಾನುವಾರವೂ ನಿನ್ನ ಪತ್ತೇದಾರಿಕೆಗೆ ರಜೆ ಇಲ್ವಾ?"

ಲೋಕನಾಥ ಹತ್ತಿರ ಬಂದಿದ್ದ. ಎತ್ತರದ ಆಳು, ಅಗಲ ಭುಜ. ಕದ್ರಿಯ ಬಳಿ ಅವರ ಮನೆತನದ ಹೋಟೆಲು ಉಂಟು. ಅದರ ಗಲ್ಲಾದ ಹಿಂದೆ ಕೂತರೆ ಹಿಂದಿನ ಗೋಡೆ ಕಾಣುತ್ತಿರಲಿಲ್ಲ.

"ಲೋಕಣ್ಣ, ನಿನ್ನ ತೂಕ ಎಷ್ಟು?"

"ಹೆಂಗಸರು ಗಂಡಸರಲ್ಲಿ ಇದನ್ನೆಲ್ಲ ಕೇಳಬಾರದು."

"ತಮಾಷೆ ಬೇಡ. ಆ ದಕ್ಕೆಯ ತಕ್ಕಡಿ ಬುಟ್ಟಿಯ ಭಾರ ಕಳೆದು ತೋರಿಸ್ತದೆ. ಬೆಳಿಗ್ಗೆ ನಾನೇ ನಿಂತು ನೋಡಿದೆ. ಅದರ ಮೇಲೆ ನಿಂತವರೆಲ್ಲ ಹನ್ನೆರಡು ಕಿಲೋ ಸುಳ್ಳು ಹೇಳಿದ ಹಾಗೆ. ಮೋಹನನಿಗೆ ಆ ಸಣ್ಣದು ಆಗುವುದೇ ಇಲ್ಲ. ನಿನಗಂತೂ ಆಗುವುದೇ ಇಲ್ಲ."

ಲೋಕನಾಥ ಎದೆಯ ಪಟ್ಟಿಯನ್ನು ಎಳೆದು ಬಿಗಿದ. ಬಿಗಿದ ಮೇಲೆ ಮತ್ತೆ ಸಡಿಲಿಸಿದ. ಬಿಸಿಲಿನ ಒಂದು ಕಂಬ ಅವನ ಅರ್ಧ ಮುಖದ ಮೇಲೆ ಬಿದ್ದಿತ್ತು. ಉಳಿದರ್ಧ ಎಲ್ಲೋ ದೂರದಲ್ಲಿದ್ದಂತೆ ತೋರಿತು.

"ಹಾಗಾದ್ರೆ ನನ್ನ ತಮ್ಮನನ್ನು ಕೊಂದದ್ದು ಮೀನಿನ ಬುಟ್ಟಿ," ಎಂದ. "ಪೇಪರಿನವರಿಗೆ ಹೇಳು, ದೊಡ್ಡದಾಗಿ ಹಾಕ್ತಾರೆ."

"ನಿನಗೆ ಇದು ಗೊತ್ತಿರ್ಲಿಲ್ವಾ?"

"ನನಗೆ? ನಿಲ್ಲು ಅಂದ್ರು, ನಾನೂ ಒಂದು ದಿನ ನಿಂತೆ. ಅಷ್ಟೇ. ಮೀನು ನನಗೆ ತಟ್ಟೆಗೆ ಬಂದ ಮೇಲೆ ಪರಿಚಯ ಮಾರಾಯ್ತಿ."

ನೆಲದ ಮೇಲೆ ಕುಮುದಿನಿಯ ಕೈಯಿಂದ ದಾರವೊಂದು ಜಾರಿತು.

"ಸರಿ, ಈಗ ಗೊತ್ತಾಯ್ತಲ್ಲ. ದೊಡ್ಡದು ಹಾಕಿಕೊಂಡು ಹಾರು. ಯಾರು ಬೇಡ ಅಂತಾರೆ?"

"ನಾನೇ ಬೇಡ ಅಂತೇನೆ." ಅವನ ದನಿ ಮೆತ್ತಗಿತ್ತು. "ಬಟ್ಟೆ ಸಣ್ಣದಾಯ್ತು, ಕ್ಲಬ್ಬಿನವರು ಹುಡುಗನನ್ನು ಕೊಂದ್ರು ಅಂತ ಊರೆಲ್ಲ ಹೇಳ್ತದೆ. ನಾನು ಮೋಹನನಿಗಿಂತ ಭಾರ. ಅದೇ ಅಳತೆಯಲ್ಲಿ, ಅದೇ ಮರಳಿನಲ್ಲಿ ನಾನು ನೆಟ್ಟಗೆ ನಿಂತರೆ ತಪ್ಪು ಬಟ್ಟೆಯದ್ದಲ್ಲ, ನಿನ್ನ ತಕ್ಕಡಿಯದ್ದೂ ಅಲ್ಲ. ಅವನ ಕೈಯದ್ದು."

"ಆಮೇಲೆ?"

"ಆಮೇಲೆ ಎಲ್ಲರೂ ಸುಮ್ಮನಾಗ್ತಾರೆ. ನೀನೂ."

"ನಿಲ್ಲದೆ ಬಿದ್ದರೆ? ದೊಡ್ಡಮ್ಮನಿಗೆ ಉಳಿದವ ನೀನೊಬ್ಬ."

"ಹೌದು. ಈಗ ನಾನೊಬ್ಬ," ಎಂದ ಲೋಕನಾಥ, ಆ ಮಾತಿನ ರುಚಿ ನೋಡುವವನಂತೆ.

ಶಶಿಪ್ರಭಾಳಿಗೆ ಆ ಮನೆಯ ಊಟದ ಹೊತ್ತು ನೆನಪಾಯಿತು. ದೊಡ್ಡಮ್ಮ ಲೋಕನಾಥನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಮೋಹನನನ್ನು ಕರೆಯುವಾಗ ಮಾತ್ರ ಅವರ ದನಿ ಬೇರೆ ಯಾವುದೋ ಕೋಣೆಯಿಂದ ಬಂದಂತೆ ಇರುತ್ತಿತ್ತು.

"ಅಮ್ಮನಿಗೆ ಎದುರಿನ ಸಾಲಿನಲ್ಲೇ ಕುರ್ಚಿ ಹಾಕಿಸಿದ್ದೇನೆ," ಎನ್ನುತ್ತ ಅವನು ಮೂಲೆಯಲ್ಲಿದ್ದ ಚೀಲವನ್ನು ಹೆಗಲಿಗೇರಿಸಿದ.

ಅವಳು ಚೀಲದ ಪಟ್ಟಿ ಹಿಡಿದಳು. ಅವನು ಕೋಪಿಸಿಕೊಳ್ಳಲಿಲ್ಲ. ಮಗುವಿನ ಕೈಯಿಂದ ಆಟಿಕೆ ಬಿಡಿಸುವಂತೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ನಿನ್ನ ಕೈ ಎಷ್ಟು ತಣ್ಣಗುಂಟು ಶಶಿ. ಬೆಳಿಗ್ಗೆ ಮೀನು ಮುಟ್ಟಿದೆಯಾ?"

ಅವನ ಫಿಯೆಟ್ ಕಾವೂರಿನ ದಾರಿ ಹಿಡಿದು ಬಜಪೆಗೆ ಹೊರಟಿತು. ಅಲ್ಲಿ ವಿಮಾನ ಕಾಯುತ್ತಿತ್ತು, ಅಲೆಕ್ಸ್ ಬೆಳಿಗ್ಗೆಯೇ ಹೋಗಿದ್ದ.

ಶಶಿಪ್ರಭಾ ಚಾವಡಿಯ ಫೋನಿಗೆ ಓಡಿದಳು. ಬಜಪೆಯ ಲೈನ್ ಸಿಗಲಿಲ್ಲ. ಮತ್ತೆ ತಿರುಗಿಸಿದಳು. ಫೋನಿನೊಳಗೆ ಕಡಲಿನ ಸದ್ದು ಮಾತ್ರ ಕೇಳಿತು.

"ಅಕ್ಕ," ಕುಮುದಿನಿ ಬಾಗಿಲಲ್ಲಿ ನಿಂತಿದ್ದಳು. "ಬಜಪೆಗೆ ಹೋದರೆ ನಾವು ಮುಟ್ಟುವಾಗ ವಿಮಾನ ಮೇಲೆ ಇರ್ತದೆ. ಕಡವು ದಾಟಿದರೆ ಮರಳು ಹತ್ತಿರ. ಅಲ್ಲಿ ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆ ಉಂಟು. ಗಾಳಿ ಜಾಸ್ತಿ ಇದ್ದರೆ ಅದನ್ನು ನೆಲದ ಮೇಲೆ ಹಾಸುವುದು. ಕೆಂಪು ಕಂಡರೆ ಅಲೆಕ್ಸ್ ಸರ್ ಯಾರನ್ನೂ ಬಿಡುವುದಿಲ್ಲ, ಹಾಗೇ ವಾಪಸ್ ಕರಕೊಂಡು ಹೋಗ್ತಾರೆ."

"ನಡಿ."

*

ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ಜನ ದಾಟಿ ಮುಗಿದಿತ್ತು. ಹಾರುವುದನ್ನು ನೋಡಲು ಎಲ್ಲರೂ ಆಗಲೇ ಹೋಗಿದ್ದರು. ದೋಣಿಯಲ್ಲಿ ಇವರಿಬ್ಬರೇ. ದೋಣಿ ನಡೆಸುವಾತ ಗಳು ಊರಿ ನೂಕಿದ. ದಡ ತಾನಾಗಿ ಹಿಂದಕ್ಕೆ ಸರಿಯಿತು.

ಮಧ್ಯಾಹ್ನದ ಬಿಸಿಲಿಗೆ ಹೊಳೆ ಮತ್ತು ಆಕಾಶ ಒಂದೇ ಬಣ್ಣಕ್ಕೆ ತಿರುಗಿದ್ದವು. ಎದುರು ದಡದ ಗಾಳಿಮರಗಳು ಕೆಳಗೂ ಇದ್ದವು, ಮೇಲೂ ಇದ್ದವು. ಇಷ್ಟು ಅವಸರದಲ್ಲಿರುವಾಗಲೂ ನೀರು ಇಷ್ಟು ನಿಧಾನ ಏಕೆ ಎಂದು ಶಶಿಪ್ರಭಾ ಯೋಚಿಸಿದಳು. ಕನಸಿನಲ್ಲಿ ಓಡುವವರ ಕಾಲಿನ ಹಾಗೆ.

ಹೊಳೆಯ ನಡುವೆ ಬಂದಾಗ ಕುಮುದಿನಿ ಬಾಯಿ ತೆರೆದಳು.

"ನಾನು ಹೇಳಿದ್ದೆ ಅಕ್ಕ."

"ಎಂತ?"

"ಬುಟ್ಟಿಯ ವಿಷಯ. ಮೋಹನಣ್ಣನನ್ನು ತೂಗಿದ ದಿನವೇ ಹೇಳಿದ್ದೆ. ಆ ದಿನ ಅಲೆಕ್ಸ್ ಸರ್ ಬರ್ಲಿಲ್ಲ, ತೂಕ ನೋಡಿಕೊಂಡು ಬಂದು ಹೇಳಿ ಅಂದಿದ್ರು. ಮೋಹನಣ್ಣ ಎಲ್ಲ ಹಾಕಿಕೊಂಡು ಹಲಗೆ ಮೇಲೆ ನಿಂತು ಕುಣೀತಾ ಇದ್ರು, ಹೆಲ್ಮೆಟ್ಟಿನಲ್ಲಿ ಕಿವಿ ಮುಚ್ಚಿತ್ತು. ಮುಳ್ಳು ನೋಡಿದ್ದು ಲೋಕಣ್ಣ. ನಾನು ಅವರ ಹತ್ತಿರ ಹೋಗಿ ಹೇಳಿದೆ: ಇದಕ್ಕೆ ಬುಟ್ಟಿಯ ಹನ್ನೆರಡು ಸೇರಿಸಿ ಅಲೆಕ್ಸ್ ಸರ್‌ಗೆ ಹೇಳ್ಬೇಕು."

"ಅವನು ಎಂತ ಹೇಳಿದ?"

"ಹೂಂ ಅಂದ್ರು. ನಕ್ಕರು. ದಕ್ಕೆಯವರ ಲೆಕ್ಕ ಚಂದ ಉಂಟು ಅಂದ್ರು."

ಶಶಿಪ್ರಭಾ ದೋಣಿಯ ಅಂಚನ್ನು ಹಿಡಿದಳು. ನಿಲ್ಲು ಅಂದ್ರು, ನಿಂತೆ ಎಂದವನು ಅವನು. ಬುಟ್ಟಿಯ ಮಾತು ಇವತ್ತು ಮೊದಲ ಸಲ ಕೇಳಿದವನಂತೆ ನಿಂತವನು.

"ನೀನು ಚಾವಡಿಯಲ್ಲೇ ಯಾಕೆ ಬಾಯಿ ಬಿಡಲಿಲ್ಲ? ಈ ಒಂದು ತಿಂಗಳು ಯಾಕೆ ಬಿಡಲಿಲ್ಲ?"

ಹುಡುಗಿ ಕೈಯನ್ನು ನೀರಿಗೆ ಇಳಿಬಿಟ್ಟಿದ್ದಳು. ಬೆರಳುಗಳ ಸುತ್ತ ನೀರು ಸಣ್ಣದಾಗಿ ಸೀಳಿ ಮತ್ತೆ ಕೂಡುತ್ತಿತ್ತು.

"ಮೋಹನಣ್ಣ ಹೋದ ಮಾರನೇ ದಿನ ನಾನೇ ಲೋಕಣ್ಣನ ಹತ್ತಿರ ಹೋಗಿದ್ದೆ. ಸರ್‌ಗೆ ಹೇಳಿದ್ದೀರಾ ಅಂತ ಕೇಳಿದೆ. ಹೇಳಿದ್ದೇನೆ ಅಂದ್ರು, ಸೇರಿಸಿಯೇ ಲೆಕ್ಕ ಹಾಕಿದ್ದು ಅಂದ್ರು. ಮತ್ತೆ ಹೇಳಿದ್ರು, ನೀನು ಈ ಬುಟ್ಟಿ ಸುದ್ದಿ ಎತ್ತಿದರೆ ಪೊಲೀಸರು ಮೊದಲು ಹೋಗುವುದು ತಕ್ಕಡಿ ಹತ್ತಿರ, ನಿನ್ನ ಮಾವನನ್ನು ಒಳಗೆ ಹಾಕ್ತಾರೆ, ದಕ್ಕೆಯವರಿಗೆಲ್ಲ ಕೆಲಸ ಹೋಗ್ತದೆ ಅಂತ. ನಮ್ಮ ಮನೆಗೆ ಅನ್ನ ಹಾಕುವುದು ಮಾವ ಅಕ್ಕ."

"ಅಲೆಕ್ಸ್ ಹತ್ತಿರ ಕೇಳಲಿಲ್ವಾ?"

"ಹೆದರಿಕೆ ಆಯ್ತು. ಸೇರಿಸಿದ್ದೇನೆ ಅಂತ ಅವರೂ ಹೇಳಿದ್ರೆ ನಾನು ಸುಳ್ಳಿ ಆಗ್ತೇನೆ. ಇಲ್ಲ ಅಂದ್ರೆ..."

"ಇವತ್ತಿನ ಚೀಲ ಯಾರು ಮಡಚಿದ್ದು?"

"ನಾನೇ. ನಿನ್ನೆ ಸಂಜೆ. ಸಣ್ಣದೇ ಬೇಕು ಅಂದ್ರು. ಲೋಕಣ್ಣನಿಗೆ ಅಭ್ಯಾಸ ಜಾಸ್ತಿ, ಹಾಕು ಅಂತ ಅಲೆಕ್ಸ್ ಸರ್ ಕೂಡ ಹೇಳಿದ್ರು."

ಈಗ ಶಶಿಪ್ರಭಾಳ ಎದೆಯೊಳಗೆ ಎರಡು ಮಾತುಗಳು ಒಂದಕ್ಕೊಂದು ಹೊಂದದೆ ನಿಂತವು. ಬುಟ್ಟಿಯ ಗುಟ್ಟು ಲೋಕನಾಥನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಅದೇ ಸಣ್ಣ ಬಟ್ಟೆಯಲ್ಲಿ ಹಾರುತ್ತಿದ್ದಾನೆ. ಹಾಗಾದರೆ ಅವನು ಸಾಯಲು ಹೊರಟಿದ್ದಾನೆಯೇ? ತಮ್ಮ ಬಿದ್ದ ಜಾಗದಲ್ಲೇ, ಅಮ್ಮನ ಕಣ್ಣೆದುರೇ?

ಒಬ್ಬನನ್ನು ಹಿಡಿದುಕೊಡುವುದಕ್ಕೂ ಮುಂಚೆ ಅವನನ್ನು ಉಳಿಸಬೇಕು. ದೋಣಿ ಮರಳು ತಾಗುವ ಮುನ್ನವೇ ಅವಳು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಳು.

*

ಗಾಳಿಮರಗಳ ಆಚೆ ಜನವೋ ಜನ. ಕಡಲೆ ಮಾರುವವರು, ಐಸ್‌ಕ್ಯಾಂಡಿ ಮಾರುವವರು, ಸುರತ್ಕಲ್ ಕಡೆಯಿಂದ ಬಸ್ಸು ಮಾಡಿಕೊಂಡು ಬಂದ ಕಾಲೇಜು ಹುಡುಗರು. ಎದುರಿನ ಸಾಲಿನ ನಡುವೆ ದೊಡ್ಡಮ್ಮ ಉಮಾವತಿಯಮ್ಮ ಕೂತಿದ್ದರು. ಅಂಚಿಲ್ಲದ ಸೀರೆ, ಮಡಿಲಲ್ಲಿ ಖಾಲಿ ಕೈಗಳು. ಅವರ ಸುತ್ತಲಿನ ಗಲಾಟೆ ಅವರವರೆಗೆ ಬರುತ್ತಿರಲಿಲ್ಲ.

ಕುಮುದಿನಿ ಪೆಟ್ಟಿಗೆ ಒಡೆದಂತೆ ತೆರೆದು ಕೆಂಪು ಬಟ್ಟೆ ಎಳೆದಳು. ಇಬ್ಬರೂ ಎರಡು ತುದಿ ಹಿಡಿದು ಓಡಿ, ಮರಳಿನ ನಟ್ಟ ನಡುವೆ ಹಾಸಿ, ನಾಲ್ಕು ಮೂಲೆಗೂ ತೆಂಗಿನಕಾಯಿ ಇಟ್ಟರು.

"ಎಂತ ಶಶಿ ಅದು?" ಉಮಾವತಿಯಮ್ಮ ಕೇಳಿದರು.

"ಗಾಳಿ ಜಾಸ್ತಿ ಉಂಟಂತೆ ದೊಡ್ಡಮ್ಮ. ಇವತ್ತು ಹಾರುವುದಿಲ್ಲ."

ಉಮಾವತಿಯಮ್ಮ ಗಾಳಿಮರಗಳ ಕಡೆ ನೋಡಿದರು. ಒಂದು ಸೂಜಿಯೆಲೆಯೂ ಅಲ್ಲಾಡುತ್ತಿರಲಿಲ್ಲ. ಶಶಿಪ್ರಭಾಳ ಕೈ ಹಿಡಿದುಕೊಂಡರು, ಬಿಡಲಿಲ್ಲ.

ವಿಮಾನದ ಸದ್ದು ಮೊದಲು ಬಂತು. ಆಮೇಲೆ ವಿಮಾನ, ಬೆಳ್ಳಗೆ, ಕೈಗೆ ಸಿಗುವ ಗಾತ್ರದ್ದು. ಮರಳಿನ ಮೇಲೆ ಒಂದು ಸುತ್ತು ಬಂತು. ಕೆಂಪು ಬಟ್ಟೆಯ ನೇರ ಮೇಲೆ ಬಂದಾಗ ಒಂದು ರೆಕ್ಕೆಯನ್ನು ಬಾಗಿಸಿತು. ಯಾರೋ ಕುತ್ತಿಗೆ ಚಾಚಿ ಕೆಳಗೆ ನೋಡಿದ ಹಾಗೆ.

"ನೋಡಿದ್ರು," ಕುಮುದಿನಿ ಉಸಿರು ಬಿಟ್ಟಳು. "ಅಲೆಕ್ಸ್ ಸರ್ ನೋಡಿದ್ರು ಅಕ್ಕ. ಇನ್ನು ಬಿಡುವುದಿಲ್ಲ."

ವಿಮಾನ ಕಡಲಿನ ಕಡೆ ದೂರ ಹೋಯಿತು. ತಿರುಗಿತು. ಮತ್ತೆ ಬಂತು, ಮೊದಲಿಗಿಂತ ಎತ್ತರದಲ್ಲಿ.

ಅದರಿಂದ ಒಂದು ಚುಕ್ಕೆ ಕಳಚಿತು.

ಜನ "ಹೋ" ಎಂದು ಎದ್ದರು. ಉಮಾವತಿಯಮ್ಮನ ಉಗುರು ಶಶಿಪ್ರಭಾಳ ಅಂಗೈಗೆ ಇಳಿಯಿತು. ಚುಕ್ಕೆ ಬೀಳುತ್ತಲೇ ಇತ್ತು. ಮೇಲೆ ಅಷ್ಟು ನೀಲಿ, ಅದರಲ್ಲಿ ಒಂದು ಎಳ್ಳಿನಷ್ಟು ಕಪ್ಪು. ಅದಕ್ಕೆ ಅಮ್ಮ ಇದ್ದಾಳೆ, ಹೆಸರಿದೆ ಎಂದು ನಂಬುವುದೇ ಕಷ್ಟವಾಗಿತ್ತು.

ಆಮೇಲೆ ಹಳದಿ ಅರಳಿತು. ಸದ್ದಿಲ್ಲದೆ, ದಾಸವಾಳದ ಮೊಗ್ಗು ಬಿಚ್ಚುವ ಹಾಗೆ.

ಶಶಿಪ್ರಭಾ ಕಾಯುತ್ತಿದ್ದುದು ಕೊನೆಯ ತಿರುವಿಗೆ. ಮೋಹನ ಬಿದ್ದದ್ದು ಅಲ್ಲೇ, ಗಾಳಿಗೆ ಮುಖ ಕೊಡಲು ತಿರುಗುವಾಗ, ಬಟ್ಟೆ ಧುಮುಕಿದಾಗ. ಅವಳು ದೇವರ ಹೆಸರು ಹೇಳಲಿಲ್ಲ. ನಿಧಾನ, ನಿಧಾನ ಎಂದಷ್ಟೇ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದಳು.

ಅದು ನಿಧಾನವಾಗಿಯೇ ಬಂತು.

ಕಡಲ ಮೇಲೆ ಒಂದು ದೊಡ್ಡ ಸುತ್ತು ಹಾಕಿತು. ಬಿಸಿಲು ಅದರೊಳಗೆ ತುಂಬಿ ಹೊರಗೆ ಸೋರುತ್ತಿತ್ತು. ಅದರ ನೆರಳು ತೆರೆಗಳ ಮೇಲೆ ಏರಿ ಇಳಿದು, ಮರಳಿಗೆ ಬಂದು, ಜನರ ತಲೆಗಳ ಮೇಲೆ ಸೆರಗಿನಂತೆ ಹಾದುಹೋಯಿತು. ಕೊನೆಯ ತಿರುವು ಬಂತು. ಬಟ್ಟೆ ಧುಮುಕಲಿಲ್ಲ. ಯೋಚನೆ ಮಾಡಿ, ಒಪ್ಪಿ, ಮೆಲ್ಲಗೆ ತಿರುಗಿತು. ಲೋಕನಾಥ ಕೆಂಪು ಬಟ್ಟೆಯ ಪಕ್ಕದಲ್ಲಿ ಎರಡೂ ಕಾಲೂರಿ, ಮೆಟ್ಟಿಲು ಇಳಿದವನ ಹಾಗೆ ನಿಂತ.

ಚಪ್ಪಾಳೆ, ಸಿಳ್ಳೆ. ಯಾರೋ ಪಟಾಕಿ ಹೊಡೆದರು. ಉಮಾವತಿಯಮ್ಮ ಶಶಿಪ್ರಭಾಳ ಕೈ ಬಿಟ್ಟು ಕಣ್ಣು ಮುಚ್ಚಿದರು. "ಉಳಿದ," ಎಂದರು, "ಒಬ್ಬನಾದರೂ ಉಳಿದ."

ಅವನು ಬದುಕಿದ್ದ. ಶಶಿಪ್ರಭಾ ಬೇಡಿದ್ದೂ ಅದನ್ನೇ. ಪಕ್ಕದಲ್ಲಿದ್ದ ಪೇಪರಿನವನು ಆಗಲೇ ಇನ್ನೊಬ್ಬನಿಗೆ ಹೇಳುತ್ತಿದ್ದ: "ನೋಡಿದ್ಯಾ? ಅದೇ ಬಟ್ಟೆ. ತಮ್ಮನದ್ದೇ ತಪ್ಪು ಮಾರಾಯ."

ಲೋಕನಾಥ ಹೆಲ್ಮೆಟ್ ತೆಗೆದ. ಬಂದು ಅಮ್ಮನ ಕಾಲು ಮುಟ್ಟಿದ. ಎದ್ದು ನಿಂತಾಗ ಅವನ ಕಣ್ಣು ಶಶಿಪ್ರಭಾಳನ್ನು ಹುಡುಕಿ ಹಿಡಿಯಿತು. "ಸುಮ್ಮನಾದೆಯಾ?" ಎಂದು ಮೆಲ್ಲಗೆ ಕೇಳಿ, ಹಾರ ಹಿಡಿದು ಬಂದವರ ಕಡೆ ತಿರುಗಿದ.

ಕುಮುದಿನಿ ಮಾತ್ರ ಅವನನ್ನು ನೋಡುತ್ತಿರಲಿಲ್ಲ. ಅವನ ಹಿಂದೆ ಮರಳಿನ ಮೇಲೆ ಹರಡಿ ಬಿದ್ದ ಹಳದಿಯ ಸುತ್ತ ನಡೆಯುತ್ತಿದ್ದಳು. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಡೆದು, ಮತ್ತೆ ತಿರುಗಿ ನಡೆದಳು. ಆಮೇಲೆ ಬಂದು ಶಶಿಪ್ರಭಾಳ ಕಿವಿಯ ಹತ್ತಿರ ನಿಂತಳು.

"ಅಕ್ಕ, ಸಣ್ಣ ಬಟ್ಟೆ ಅಷ್ಟು ಹೊತ್ತು ಆಕಾಶದಲ್ಲಿ ನಿಲ್ಲುವುದೇ ಇಲ್ಲ."

"ಅಂದ್ರೆ?"

"ಇದು ನಾನು ಮಡಚಿದ್ದಲ್ಲ. ಇದು ದೊಡ್ಡದು."

ಪಟಾಕಿಯ ಹೊಗೆ ಅವರಿಬ್ಬರ ನಡುವೆ ತೇಲಿ ಹೋಯಿತು. ಹಾಗಾದರೆ ಅವನು ಸಾಯಲು ಹೊರಟಿರಲಿಲ್ಲ. ಬುಟ್ಟಿಯ ಲೆಕ್ಕವನ್ನು ಸರಿಯಾಗಿ ಸೇರಿಸಿ, ತನ್ನ ತೂಕಕ್ಕೆ ತಕ್ಕ ಬಟ್ಟೆ ಹೊತ್ತು, ಊರಿನ ಕಣ್ಣಿಗೆ ಮಾತ್ರ ಸಣ್ಣದನ್ನು ತೋರಿಸಿ ಇಳಿದಿದ್ದ.

"ದಾರಿಯಲ್ಲಿ ಅವನೇ ಬದಲಾಯಿಸಿಕೊಂಡಿರಬೇಕು," ಎಂದಳು ಶಶಿಪ್ರಭಾ.

ಕುಮುದಿನಿ ತಲೆ ಅಲ್ಲಾಡಿಸಿದಳು. ಅಲೆಕ್ಸ್ ಇದ್ದ ವಿಮಾನ ಬಜಪೆಯ ಕಡೆ ಇಳಿಯುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಲೋಕಣ್ಣ ಉಂಡ ಎಲೆಯನ್ನೂ ಸ್ವಂತ ಕೈಯಲ್ಲಿ ಮಡಚಿದವರಲ್ಲ ಅಕ್ಕ. ಈ ಊರಿನಲ್ಲಿ ಇದನ್ನು ಮಡಚಲಿಕ್ಕೆ ಬರುವುದು ಇಬ್ಬರಿಗೇ. ಒಬ್ಬಳು ನಾನು."